ಸಾವಿರದ ಒಂದು ಯೆನ್

ನನ್ನ ಮಗಳ ಸಾಲ ಸಾಯುವುದರಲ್ಲಿತ್ತು. ಅದಕ್ಕೆ ಮತ್ತೆ ಜೀವ ಕೊಟ್ಟವನು ನಾನು. ಗೊತ್ತಿಲ್ಲದೆ ಮಾಡಿದೆ ಎಂದು ಮೊದಮೊದಲು ನನಗೆ ನಾನೇ ಹೇಳಿಕೊಂಡು ಓಡಾಡಿದೆ. ಅದು ಸುಳ್ಳು. ಗೊತ್ತಿದ್ದೇ ಮಾಡಿದೆ. ಅದನ್ನು ಈಗ ಬರೆಯುತ್ತಿದ್ದೇನೆ. ಬರೆಯುವಾಗಲೂ ಎರಡು ಸಾಲಿಗೊಮ್ಮೆ ಎದ್ದು ಬಾಲ್ಕನಿಗೆ ಹೋಗಿ ಬರುತ್ತಿದ್ದೇನೆ.

ಜಪಾನಿನಲ್ಲಿ ಕ್ರೆಡಿಟ್ ಕಾರ್ಡಿನ ಸಾಲಕ್ಕೆ ಒಂದು ಆಯುಸ್ಸು ಇದೆ. ಕಂತು ತಪ್ಪಿದ ಮೇಲೆ ಐದು ವರ್ಷ ಕಂಪನಿಯವರು ಕೋರ್ಟಿಗೆ ಹೋಗದೆ ಇದ್ದು, ಸಾಲಗಾರರೂ ಏನನ್ನೂ ಕಟ್ಟದೆ, ಸಾಲ ತಮ್ಮದೆಂದು ಒಪ್ಪಿಕೊಳ್ಳದೆ ಇದ್ದರೆ, ಅವಧಿ ಮುಗಿಯಿತೆಂದು ಕಂಪನಿಗೆ ಬರೆದು ಕಳಿಸಬಹುದು. ಕಳಿಸಿದರೆ ಸಾಲ ಹೋಯಿತು. ತಾನಾಗಿ ಹೋಗುವುದಿಲ್ಲ, ಬರೆದೇ ಹೇಳಬೇಕು. ಆದರೆ ನಡುವೆ ಒಂದೇ ಒಂದು ಯೆನ್ ಕಟ್ಟಿದರೂ ಆ ಐದು ವರ್ಷ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ನನ್ನ ಮಗಳು ಮದುವೆಯಾಗಿ ಸೆಂಡಾಯ್‌ಗೆ ಬಂದವಳು. ಗಂಡ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ. ಅವನ ಕೆಲಸ ಒಪ್ಪಂದದ್ದು. ಒಂದು ಒಪ್ಪಂದಕ್ಕೂ ಇನ್ನೊಂದಕ್ಕೂ ನಡುವೆ ಸಂಬಳವಿಲ್ಲದ ತಿಂಗಳುಗಳು ಬರುತ್ತಿದ್ದವು. ಆಗೆಲ್ಲ ಮನೆ ನಡೆದದ್ದು ಅವಳ ಹೆಸರಿನ ಕಾರ್ಡಿನ ಮೇಲೆ. ತಿಂಗಳಿಗೆ ಇಷ್ಟೇ ಕಟ್ಟಿದರೆ ಸಾಕು ಎನ್ನುವ ಏರ್ಪಾಡು ಅದು. ಕಟ್ಟಿದ್ದೆಲ್ಲ ಬಡ್ಡಿಗೆ ಹೋಗುತ್ತಿತ್ತು, ಅಸಲು ಕೂತಲ್ಲೇ ಕೂತಿತ್ತು. ಆಮೇಲೆ ಸಂಸಾರ ಮುರಿಯಿತು. ಅವನು ಬೇರೆ ದೇಶಕ್ಕೆ ಹೋದ. ಕಾರ್ಡು ಅವಳ ಹೆಸರಿನಲ್ಲಿತ್ತು, ಸಾಲವೂ ಅವಳ ಜೊತೆ ಉಳಿಯಿತು. ಅವಳು ಮಗುವನ್ನು ಕಟ್ಟಿಕೊಂಡು ಟೋಕಿಯೋದ ಫುನಾಬೊರಿಗೆ ಬಂದು, ಒಂದು ಇಂಗ್ಲಿಷ್ ಶಿಶುವಿಹಾರದಲ್ಲಿ ಸಹಾಯಕಿಯಾಗಿ ಸೇರಿದಳು.

ಹೆಂಡತಿ ತೀರಿಕೊಂಡ ಮೇಲೆ ಅವಳು ನನ್ನನ್ನೂ ಇಲ್ಲಿಗೆ ಕರೆಸಿಕೊಂಡಳು. ನಾವಿರುವ ಮನೆ ಪರಿಚಯದ ಕನ್ನಡದವರ ಹೆಸರಿನಲ್ಲಿತ್ತು. ಅವರು ನಮಗೆ ಈ ವರ್ಷ ಮನೆ ಖಾಲಿ ಮಾಡಿ ಎಂದಿದ್ದರು. ಇವಳು ತನ್ನ ಹೆಸರಿನಲ್ಲೇ ಮನೆ ಹಿಡಿಯಬೇಕು. ಸಾಲ ತಲೆಯ ಮೇಲಿರುವ ತನಕ ಅವಳ ಹೆಸರಿಗೆ ಜಾಮೀನು ನಿಲ್ಲುವ ಕಂಪನಿ ಇಲ್ಲ, ಜಾಮೀನಿಲ್ಲದೆ ಬಾಡಿಗೆ ಮನೆ ಇಲ್ಲ. ಮೇಲಾಗಿ ಕಂಪನಿ ಕೋರ್ಟಿಗೆ ಹೋದರೆ ಸಂಬಳದಲ್ಲೇ ಒಂದು ಪಾಲು ಹಿಡಿಯುತ್ತಾರೆ, ಶಿಶುವಿಹಾರದವರಿಗೆಲ್ಲ ಗೊತ್ತಾಗುತ್ತದೆ. ಶ್ರಾವಣದ ಹೊತ್ತಿಗೆ ಅವಳ ಐದು ವರ್ಷ ಮುಗಿಯುವುದಿತ್ತು.

ಅವಳು ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ.

"ಅಪ್ಪ, ಯಾರಾದ್ರೂ ಬಂದು ನನ್ನ ಕೇಳಿದ್ರೆ, ಇಲ್ಲ ಅನ್ನಿ ಅಷ್ಟೆ. ಏನೂ ಕೊಡ್ಬೇಡಿ. ಎಲ್ಲೂ ಸೈನ್ ಮಾಡ್ಬೇಡಿ."

"ಎಷ್ಟು ದಿನ ಹಿಂಗೆ?"

"ಶ್ರಾವಣದ ತನಕ. ಆಮೇಲೆ ಮುಗೀತು."

"ಮುಗೀತು ಅಂದ್ರೆ? ತೀರಿಸ್ತೀಯಾ?"

"ತೀರ್ಸಲ್ಲ. ಟೈಮ್ ಮುಗಿಯುತ್ತೆ."

"ಟೈಂಬಾರ್!" ಎಂದೆ. ಆ ಮಾತು ನನ್ನ ಬಾಯಿಂದ ಎಷ್ಟು ವರ್ಷಗಳ ಮೇಲೆ ಹೊರಬಿದ್ದಿತೋ.

"ಹೂಂ, ನಿಮ್ಮ ಭಾಷೇಲಿ ಟೈಂಬಾರ್," ಎಂದು ಅವಳು ನಕ್ಕಳು. "ನಿಮಗೆ ಹೇಳ್ಕೊಡ್ಬೇಕಾ ಇದನ್ನೆಲ್ಲ!"

ಹೇಳಿಕೊಡಬೇಕಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನಾನು ದಾವಣಗೆರೆಯಲ್ಲಿ ಒಬ್ಬ ಲೇವಾದೇವಿ ಸಾಹುಕಾರರ ಬಳಿ ಸೇರಿದವನು, ಮುಪ್ಪಿನ ತನಕ ಅಲ್ಲೇ ವಸೂಲಿ ಗುಮಾಸ್ತನಾಗಿದ್ದೆ. ನಮ್ಮಲ್ಲಿ ಪ್ರೋನೋಟಿಗೆ ಮೂರು ವರ್ಷ. ಅಷ್ಟರೊಳಗೆ ಸಾಲಗಾರ ಸ್ವಲ್ಪವಾದರೂ ಕೊಟ್ಟು ನೋಟಿನ ಹಿಂದೆ ರುಜು ಹಾಕಿದರೆ ಇನ್ನೂ ಮೂರು ವರ್ಷ. ಇಲ್ಲದಿದ್ದರೆ ನೋಟು ಟೈಂಬಾರ್, ಬರೀ ಕಾಗದ. ಕೊನೆಯ ತಿಂಗಳಿಗೆ ಬಂದ ನೋಟುಗಳನ್ನೆಲ್ಲ ಸಾಹುಕಾರರು ನನ್ನ ಕೈಗೇ ಕೊಡುತ್ತಿದ್ದರು. ಬೇರೆ ಗುಮಾಸ್ತರು ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದರು. ನಾನು ಒಳಗೆ ಹೋಗಿ ಕೂತು ಚಹಾ ಕುಡಿಯುತ್ತಿದ್ದೆ, ಮಕ್ಕಳ ಓದು ವಿಚಾರಿಸುತ್ತಿದ್ದೆ. "ಪೂರ್ತಿ ಯಾರು ಕೇಳಿದ್ರು? ಇವತ್ತು ಒಂದು ಹತ್ತು ರೂಪಾಯಿ ಕೊಡಿ ಸಾಕು, ಸಾಹುಕಾರ್ರಿಗೆ ನಾನೂ ಮುಖ ತೋರಿಸ್ಬೇಕಲ್ಲ" ಎನ್ನುತ್ತಿದ್ದೆ. ಅವರಿಗೆ ನಾನು ಒಳ್ಳೆಯವನಂತೆ ಕಾಣುತ್ತಿದ್ದೆ. ಹತ್ತು ರೂಪಾಯಿ ಕೊಟ್ಟು, ನಾನು ಬರೆದ ಷರಾದ ಕೆಳಗೆ ರುಜು ಹಾಕುತ್ತಿದ್ದರು. ನನ್ನ ಕೈಗೆ ಬಂದ ಒಂದು ನೋಟನ್ನೂ ನಾನು ಟೈಂಬಾರ್ ಆಗಲು ಬಿಟ್ಟವನಲ್ಲ. ಮದುವೆ ಮುಂಜಿಗಳಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಮಗಳ ಮಾತು ಕೇಳಿದ ದಿನದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಾಲ ಮಾಡಿದ್ದಾಳಲ್ಲ ಎಂಬ ನಾಚಿಕೆ ಅಲ್ಲ ಅದು. ನಾಚಿಕೆಯಾಗಿದ್ದರೆ ವಾಸಿಯಿತ್ತು. ಒಂದು ನೋಟು ಕಣ್ಣೆದುರಿಗೇ ಕೈ ತಪ್ಪಿ ಹೋಗುತ್ತಿದೆ, ಯಾರೂ ಏನೂ ಮಾಡುತ್ತಿಲ್ಲವಲ್ಲ ಎಂಬ ಚಡಪಡಿಕೆ. ನದಿಯ ಏರಿಯ ಮೇಲೆ ಬೆಳಿಗ್ಗೆ ನಡೆಯುತ್ತಿದ್ದವನು ಮಧ್ಯಾಹ್ನವೂ ನಡೆಯತೊಡಗಿದೆ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಒಬ್ಬ ಬಂದ. ಮಗಳು ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೋಗಿದ್ದರು. ಬಾಗಿಲು ತೆಗೆದೊಡನೆ ಅವನು ಯಾರೆಂದು ನನಗೆ ತಿಳಿಯಿತು. ಬಾಗಿಲಿನ ನೇರಕ್ಕೆ ನಿಲ್ಲದೆ, ಒಳಗಿನವರಿಗೆ ಪೂರ್ತಿ ಕಾಣದಂತೆ, ಒಂದು ಪಕ್ಕಕ್ಕೆ ನಿಂತಿದ್ದ. ಯಾವ ದೇಶವಾದರೇನು, ವಸೂಲಿಗೆ ಬಂದವನು ನಿಲ್ಲುವುದು ಹಾಗೆಯೇ. ಸೊಂಟ ಬಾಗಿಸಿ ನಮಸ್ಕರಿಸಿ, ನನಗೆ ಜಪಾನಿ ಬರದೆಂದು ಕಂಡು, ಫೋನಿಗೆ ಏನೋ ಹೇಳಿದ. ಫೋನು ಹೆಣ್ಣು ದನಿಯಲ್ಲಿ ಕನ್ನಡವಾಡಿತು: "ದಯವಿಟ್ಟು ಕ್ಷಮಿಸಿ. ನಿಮ್ಮ ಮಗಳು ಮನೆಯಲ್ಲಿ ಇರುವರೇ?"

"ಇಲ್ಲ. ನೀವು ಯಾವ ಕಂಪನಿ?"

"ಅದನ್ನು ತಿಳಿಸಲು ನನಗೆ ಅನುಮತಿ ಇಲ್ಲ. ನಾನು ಪುನಃ ಬರುವೆನು."

ತನ್ನ ಹೆಸರು ಮಾತ್ರ ಇದ್ದ ಒಂದು ಚೀಟಿ ಕೊಟ್ಟು ಮತ್ತೆ ಬಾಗಿದ. ನನಗೆ ಆಶ್ಚರ್ಯವಾಯಿತು. ನಮ್ಮ ಕಾಲದಲ್ಲಿ ಅಕ್ಕಪಕ್ಕದವರಿಗೆ ಕೇಳಲೆಂದೇ ನಮ್ಮವರು ಕೂಗುತ್ತಿದ್ದರು. ಇಲ್ಲಿ ಕಾನೂನು ಅವನ ಬಾಯಿಗೆ ಬೀಗ ಹಾಕಿತ್ತು. ಸಾಲದ ವಿಷಯ ಮನೆಯವರಿಗೂ ಹೇಳುವಂತಿಲ್ಲ, ಸಾಲ ಮಾಡದ ಮನೆಯವರಿಂದ ಹಣ ಕೇಳುವಂತಿಲ್ಲ, ಬೆಳಿಗ್ಗೆ ಎಂಟಕ್ಕೆ ಮೊದಲು ರಾತ್ರಿ ಒಂಬತ್ತರ ಮೇಲೆ ಬರುವಂತಿಲ್ಲ, ಸುಮ್ಮಸುಮ್ಮನೆ ಕೆಲಸದ ಜಾಗಕ್ಕೆ ಫೋನ್ ಮಾಡುವಂತಿಲ್ಲ. ಅವನು ಎಲ್ಲವನ್ನೂ ಪಾಲಿಸಿ ಲಿಫ್ಟಿನ ಕಡೆ ಹೊರಟ. ಬಾಗಿಲು ಹಾಕಿಕೊಂಡಿದ್ದರೆ ನನ್ನ ಮಗಳ ಮನೆ ಉಳಿಯುತ್ತಿತ್ತು.

ನಾನು ಚಪ್ಪಲಿ ಮೆಟ್ಟಿ, ಕ್ಷಮಿಸಿ ಎನ್ನಲು ನನಗೆ ಬರುತ್ತಿದ್ದ ಒಂದೇ ಜಪಾನಿ ಮಾತನ್ನು ಕೂಗುತ್ತ ಓಡಿದೆ. "ಸುಮಿಮಾಸೆನ್! ಸುಮಿಮಾಸೆನ್!"

ಅವನು ತಿರುಗಿದ. ಫೋನಿಗೆ ಹೇಳಿದೆ: "ಕಾರ್ಡಿನ ಸಾಲ ತಾನೆ? ನನಗೆ ಗೊತ್ತು. ಸ್ವಲ್ಪ ಕೊಡ್ತೀನಿ, ಬರೆದುಕೊಳ್ಳಿ."

ಅವನು ಎರಡೂ ಕೈ ಎತ್ತಿ ಅಡ್ಡಡ್ಡ ಆಡಿಸಿದ. "ಕುಟುಂಬದವರಿಂದ ನಾನು ಹಣವನ್ನು ಕೇಳುವಂತಿಲ್ಲ," ಎಂದಿತು ಫೋನು.

"ನೀವೆಲ್ಲಿ ಕೇಳಿದ್ರಿ? ನಾನೇ ಕೊಡ್ತಿದ್ದೀನಲ್ಲ."

ಅವನು ಪಕ್ಕಕ್ಕೆ ಹೋಗಿ ಕಚೇರಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದ. ಬಂದು ನಿಧಾನವಾಗಿ ಕೇಳಿದ: "ಈ ಹಣವನ್ನು ನಿಮ್ಮ ಮಗಳು ಕಳುಹಿಸಿರುವರೇ?"

ಹೌದೆಂದರೆ ಕಂಪನಿ ಗೆದ್ದಂತೆ, ಇಲ್ಲವೆಂದರೆ ಮಗಳು ಉಳಿದಂತೆ, ಎಲ್ಲವೂ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಅವನು ಅದನ್ನು ಮತ್ತೊಮ್ಮೆ ಕೇಳಿದ. ನನ್ನ ಮುಖವನ್ನೇ ನೋಡುತ್ತಿದ್ದ.

"ಹೌದು," ಎಂದೆ. "ಅವಳೇ ಕೊಟ್ಟು ಹೋಗಿದ್ದು. ನಾನು ಬರೀ ತಲುಪಿಸೋನು."

ಅವನನ್ನು ಬಾಗಿಲಲ್ಲಿ ನಿಲ್ಲಿಸಿ, ನನ್ನ ಕೋಣೆಗೆ ಹೋಗಿ ಪೆಟ್ಟಿಗೆಯಿಂದ ಒಂದು ಕವರ್ ತಂದೆ. ಭಾನುವಾರಗಳಲ್ಲಿ ನಾನು ಇಲ್ಲಿನ ಕನ್ನಡದ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಹಬ್ಬಕ್ಕೆ ತಾಯಂದಿರು ಕೈಯಲ್ಲಿ ಕವರ್ ಇಟ್ಟು ಕಾಲಿಗೆ ಬೀಳುತ್ತಿದ್ದರು. ಅದರಲ್ಲಿ ಸಾವಿರ ಯೆನ್ನಿನ ನೋಟು, ಮೇಲೆ ಅಂಟಿಸಿದ ಒಂದು ಯೆನ್ನಿನ ಬಿಲ್ಲೆ. ಅವನು ಬಿಲ್ಲೆಯನ್ನು ಬಿಡಿಸಿ, ಒಂದು ಯೆನ್ ಹೆಚ್ಚಿದೆ ಎಂದು ವಾಪಸು ಹಿಡಿದ. ಬರೀ ಸಾವಿರ ಕೊಡುವುದಿಲ್ಲ ನಾವು, ಇರಲಿ, ಎಂದೆ. ರಸೀದಿಯಲ್ಲಿ ಸಾವಿರದ ಒಂದು ಎಂದು ಬರೆದ. ಮಗಳ ಪರವಾಗಿ ತಂದುಕೊಟ್ಟವನು ಎಂಬಲ್ಲಿ ನಾನು ಕನ್ನಡದಲ್ಲಿ ರುಜು ಹಾಕಿದೆ.

ಆ ಮಧ್ಯಾಹ್ನ ನನಗೆ ಖುಷಿಯಾಯಿತು. ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ. ಉಪ್ಪಿಟ್ಟು ಮಾಡಿಕೊಂಡು ತಿಂದೆ, ಹಳೆಯ ಹಾಡು ಗುನುಗಿದೆ, ಕೆಲಸ ಮುಗಿಸಿ ಮನೆಗೆ ಬಂದ ದಿನಗಳ ಹಾಗೆ ಕಾಲು ಚಾಚಿ ಕೂತೆ. ಸಂಜೆ ಮಗಳು ಬಂದು ಶೂ ಬಿಚ್ಚುತ್ತ, "ಅಪ್ಪ, ತರಕಾರಿ ಎಷ್ಟು ತುಟ್ಟಿ ಆಗಿದೆ ಗೊತ್ತಾ?" ಎಂದಾಗ ಮೊದಲ ಸಲ ಮುಖ ತಪ್ಪಿಸಿ ಅವಳ ಚೀಲ ತೆಗೆದುಕೊಂಡು ಅಡುಗೆಮನೆಗೆ ಹೋದೆ.

ಅಲ್ಲಿಂದಾಚೆ ನನಗೆ ನೆಮ್ಮದಿ ಇಲ್ಲ. ಅವಳು ರಜೆಯ ದಿನ ಮನೆ ನೋಡಲು ಹೋಗುತ್ತಿದ್ದಳು. ಒಂದು ಮನೆ ತುಂಬ ಹಿಡಿಸಿತು: ಎರಡನೇ ಮಹಡಿ, ಅಡುಗೆಮನೆಗೆ ಕಿಟಕಿ, ಮೊಮ್ಮಗಳ ಶಾಲೆಗೆ ಹತ್ತಿರ. ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದಳು.

"ಈ ರೂಮು ನಿಮಗೆ. ಬಿಸಿಲು ಬರುತ್ತೆ ನೋಡಿ. ಚೆನ್ನಾಗಿದ್ಯಾ?"

"ಚೆನ್ನಾಗಿದೆ," ಎಂದು ಹೇಳಿ ಬೇಗ ಬೇಗ ಮೆಟ್ಟಿಲಿಳಿದೆ.

"ಅಜ್ಜ, ವೈ ಆರ್ ಯು ರನ್ನಿಂಗ್?" ಎಂದು ಮೊಮ್ಮಗಳು ಹಿಂದೆ ಕೂಗಿದಳು.

ಶ್ರಾವಣ ಬಂತು. ನಮ್ಮ ಭಾಗದ ಪಾಲಿಕೆ ಕಚೇರಿಯಲ್ಲಿ ಬಿಟ್ಟಿಯಾಗಿ ಸಲಹೆ ಕೊಡುವ ವಕೀಲೆಯೊಬ್ಬರಿದ್ದರು. ಅವರ ಸಹಾಯದಿಂದ ಮಗಳು, ಅವಧಿ ಮುಗಿದಿದೆ ಎಂದು ಕಂಪನಿಗೆ ಬರೆದಳು. ಪೋಸ್ಟ್ ಮಾಡಿದ ದಿನ ಶ್ಯಾವಿಗೆ ಪಾಯಸ ಮಾಡಿದಳು. ನಾನು ಬಾಯಿ ಬಿಡಲಿಲ್ಲ. ವಸೂಲಿಗೆ ಬಂದಿದ್ದ ಆ ಹುಡುಗ ರಸೀದಿ ಎಲ್ಲಾದರೂ ಕಳೆದುಕೊಂಡಿರಬಹುದು ಎಂದು ಆಸೆಪಟ್ಟೆ. ವಸೂಲಿ ಗುಮಾಸ್ತ ರಸೀದಿ ಕಳೆದುಕೊಳ್ಳುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಉತ್ತರ ವಕೀಲೆಗೆ ಬಂತು. ಅವಧಿ ಮುಗಿದಿಲ್ಲ, ನಿಮ್ಮ ಕಡೆಯವರು ಏಪ್ರಿಲ್‌ನಲ್ಲಿ ನಿಮ್ಮ ಪರವಾಗಿ ಸಾವಿರದ ಒಂದು ಯೆನ್ ಕಟ್ಟಿದ್ದಾರೆ ಎಂದು. ಯಾರೆಂದಾಗಲಿ ಎಲ್ಲೆಂದಾಗಲಿ ಬರೆದಿರಲಿಲ್ಲ. ಮಗಳು ಮನೆಗೆ ಬಂದವಳು ಚೀಲವನ್ನೂ ಇಳಿಸಲಿಲ್ಲ.

"ಸಾವಿರದ ಒಂದಂತೆ ಅಪ್ಪ! ಸಾವಿರದ ಒಂದು! ಜಪಾನಿನವರು ಯಾರಾದ್ರೂ ಒಂದು ಸೇರಿಸಿ ಕೊಡ್ತಾರಾ? ಇದು ನಮ್ಮೋರೇ ಮಾಡಿದ ಕೆಲಸ. ಇದು ಅವನೇ."

ಅವನು ಎಂದರೆ ಅವಳ ಹಿಂದಿನ ಗಂಡ. ನನ್ನೆದುರಿಗೇ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ನಾನು ನೆಮ್ಮದಿಯಾಗಿ ಇರೋದು ನಿಂಗೆ ಸಹಿಸಲ್ವಾ?"

"ಏನು ಮಾತಾಡ್ತಿದ್ದೀಯ? ಯಾವ ದುಡ್ಡು?" ಎಂದ ಅವನು, ನಿದ್ದೆಯಿಂದ ಎದ್ದವನಂತೆ.

"ಗೊತ್ತಿಲ್ದೋರ ಥರ ಆಡ್ಬೇಡ. ಆ ಸಾಲ ಯಾರ ಕಾನ್ಫರೆನ್ಸ್ ಟಿಕೆಟ್‌ಗೆ ಆಯ್ತು ಹೇಳು!"

"ನೋಡು, ನನ್ನದು ತಪ್ಪಿದೆ, ಇಲ್ಲ ಅನ್ನಲ್ಲ. ಆದ್ರೆ ಇದು ನಾನಲ್ಲ ಕಣೇ. ಆಣೆ."

"ನಿನ್ನ ಆಣೆ ತಗೊಂಡು ಉಪ್ಪಿನಕಾಯಿ ಹಾಕ್ಲಾ?" ಎಂದು ಫೋನ್ ಕುಕ್ಕಿದಳು.

ನಾನು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಒಬ್ಬ ನಿರಪರಾಧಿಯನ್ನು ಬೈಯಲು ಬಿಟ್ಟು ಸುಮ್ಮನಿದ್ದೆ. ಅವನು ನನ್ನ ಮಗಳಿಗೆ ಬೇರೆ ಅನ್ಯಾಯ ಮಾಡಿದ್ದಾನಲ್ಲ, ಇದೂ ಅವನ ಲೆಕ್ಕಕ್ಕೆ ಹೋಗಲಿ ಎಂದುಕೊಂಡೆ. ಒಂದು ವಾರಕ್ಕೂ ಮೇಲೆ ಹಾಗೇ ಇದ್ದೆ. ಊಟ ಸೇರುತ್ತಿರಲಿಲ್ಲ. ರೈಲು ನಿಲ್ದಾಣದ ತನಕ ಹೋಗಿ, ಟಿಕೆಟ್ ಕೊಳ್ಳದೆ, ವಾಪಸು ಬರುತ್ತಿದ್ದೆ.

ಬಾಯಿ ಬಿಟ್ಟದ್ದು ನಿಲ್ದಾಣದ ಸೈಕಲ್ ಸ್ಟ್ಯಾಂಡಿನಲ್ಲಿ. ಮಗಳು ಕೆಲಸದಿಂದ ಬಂದಿದ್ದಳು, ಚೀಲ ಹಿಡಿಯಲು ನಾನು ಹೋಗಿದ್ದೆ. ಸೈಕಲ್ಲಿನ ಬೀಗ ತೆಗೆಯುತ್ತ, "ಇವತ್ತು ಅವರಮ್ಮನಿಗೇ ಫೋನ್ ಮಾಡ್ತೀನಿ. ಮಗ ಏನು ಮಾಡಿದ್ದಾನೆ ಅಂತ ಅವರಿಗೂ ಗೊತ್ತಾಗ್ಲಿ," ಎಂದು ಫೋನ್ ತೆಗೆದಳು. ನನ್ನ ಬೀಗಿತ್ತಿ ನನಗಿಂತ ಹಿರಿಯಳು, ಕಣ್ಣು ಸರಿಯಾಗಿ ಕಾಣದು. ಮಗಳ ಮದುವೆಯಲ್ಲಿ ನಮಗೆ ಒಂದು ಕೊಂಕು ಮಾತೂ ಆಡದ ಹೆಂಗಸು.

"ಫೋನ್ ಒಳಗಿಡು," ಎಂದೆ.

"ನಿಮಗೆ ಗೊತ್ತಾಗಲ್ಲ, ಸುಮ್ನಿರಿ."

"ಅವನು ಕೊಟ್ಟಿದ್ದಲ್ಲ ಪುಟ್ಟಿ."

"ಮತ್ಯಾರು ಕೊಟ್ರು?"

ನಾನು ಅವಳ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. ಅವಳು ನನ್ನನ್ನು ನೋಡಿದಳು. ಹಿಂದೆ ಯಾರೋ ಸೈಕಲ್ ತೆಗೆಯಲು ಕಾಯುತ್ತಿದ್ದರು. ಅವಳು ತಿರುಗಿ ತಲೆ ಬಾಗಿಸಿ ದಾರಿ ಬಿಟ್ಟು, ಮತ್ತೆ ನನ್ನ ಕಡೆ ತಿರುಗಿದಳು.

"ಅಪ್ಪ, ನೀವಾ?"

"ಹೂಂ."

"ಗೊತ್ತಾಗ್ದೆ ಕೊಟ್ಬಿಟ್ರಾ?"

ಪಾಪ, ನನಗೆ ತಪ್ಪಿಸಿಕೊಳ್ಳಲು ಅವಳೇ ಒಂದು ದಾರಿ ಕೊಟ್ಟಳು. ಹೌದು ಎಂದಿದ್ದರೆ ನಂಬುತ್ತಿದ್ದಳು.

"ಗೊತ್ತಿದ್ದೇ ಕೊಟ್ಟೆ."

ಅವಳು ಕೂಗಲಿಲ್ಲ. ಸೈಕಲ್ ತಳ್ಳಿಕೊಂಡು ಮುಂದೆ ನಡೆದಳು, ನಾನು ಹಿಂದೆ. ಸೇತುವೆಯ ಹತ್ತಿರ ನಿಂತು ಹೇಳಿದಳು: "ಅಮ್ಮ ಹೋದಾಗ ನಾನು ಯಾಕೆ ಬರ್ಲಿಲ್ಲ ಅಂತ ಊರಲ್ಲಿ ಎಲ್ಲರೂ ಕೇಳಿದ್ರಲ್ಲ. ಟಿಕೆಟ್‌ಗೆ ದುಡ್ಡಿರ್ಲಿಲ್ಲ. ಇನ್ನೊಂದು ಸಾಲ ಮಾಡ್ಬಾರ್ದು ಅಂತ ಅಮ್ಮನ ಮುಖಾನೂ ನೋಡ್ಲಿಲ್ಲ ನಾನು. ಅದನ್ನೂ ಲೆಕ್ಕಕ್ಕೆ ಹಾಕ್ಕೊಂಡ್ರಾ, ಆ ಒಂದು ಯೆನ್ ಕೊಡೋವಾಗ?"

ಹೇಳಿ ಸೈಕಲ್ ಹತ್ತಿ ಹೋದಳು, ಚೀಲ ಹಿಡಿದು ನಾನೊಬ್ಬನೇ ಮನೆಗೆ ನಡೆದೆ.

ಮಾರನೆಯ ದಿನವೇ ಅವಳು ನನ್ನನ್ನು ವಕೀಲೆಯ ಬಳಿ ಕರೆದೊಯ್ದಳು. ಮಾತು ನೇರವಾಗಿತ್ತು. ಬೇರೆಯವರು ತಾವಾಗಿ ಕಟ್ಟಿದ ಹಣ ಸಾಲಗಾರಳು ಕಟ್ಟಿದಂತಲ್ಲ, ಅವಳೇ ಕಳಿಸಿದ್ದರೆ ಮಾತ್ರ ಅವಳದಾಗುತ್ತದೆ. ಅವಳು ಕಳಿಸಿದ್ದಾಳೆಂದು ನಾನು ರುಜು ಹಾಕಿದ್ದೇನೆ. ಅದು ಸುಳ್ಳಾಗಿತ್ತೆಂದು ನಾನು ಹೇಳಿಕೆ ಕೊಡಬೇಕು, ಕಂಪನಿ ಅದನ್ನು ನಂಬಬೇಕು. ಹೇಳಿಕೆಯನ್ನು ಮಗಳು ಅನುವಾದಿಸುವಂತಿಲ್ಲ, ವ್ಯವಹಾರ ಅವಳದೇ ಆದ್ದರಿಂದ. ಹಾಗಾಗಿ ನಮ್ಮ ಪಕ್ಕದ ಕಟ್ಟಡದ ಗೃಹಿಣಿಯೊಬ್ಬರನ್ನು ಕರೆದೆವು. ಬೆಂಗಳೂರಿನವರು, ಜಪಾನಿ ಚೆನ್ನಾಗಿ ಬಲ್ಲವರು. ಅವರ ಮಗ ನನ್ನ ಬಳಿ ಅಕ್ಷರ ಕಲಿಯುತ್ತಿದ್ದ.

ಅವರೆದುರು ನಾನು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ಯಾಕೆ ಎಂದು ವಕೀಲೆ ಕೇಳಿದರು. ಮರ್ಯಾದೆಗೆ ಅಂಜಿ, ಎಂದೆ. ಹಣ ಎಲ್ಲಿಂದ ಬಂತು ಎಂದರು. ಕವರಿನ ವಿಷಯ ಹೇಳಿದೆ. ಗೃಹಿಣಿ ಅನುವಾದಿಸುವುದನ್ನು ನಿಲ್ಲಿಸಿದರು.

"ಅಂಕಲ್, ಯುಗಾದಿಗೆ ಕೊಟ್ಟ ಕವರ್ರಾ? ಅದು ನಂದು! ಇಲ್ಲಿ ನಮ್ಮೂರ ಥರ ಕವರ್ ಸಿಗಲ್ಲ ಅಂತ ಒನ್ ಯೆನ್‌ಗೆ ಸೆಲ್ಲೋಟೇಪ್ ಅಂಟಿಸಿದ್ದು ನಾನೇ!"

ಏನಾಯಿತೆಂದು ವಕೀಲೆ ಕೇಳಿದರು. ಕೇಳಿ ತಿಳಿದು, ಪೆನ್ನು ಕೆಳಗಿಟ್ಟು, ಹಾಗಾದರೆ ನೀವು ಸಾಕ್ಷಿ, ಸಾಕ್ಷಿಯೂ ಅನುವಾದಕರೂ ಒಬ್ಬರೇ ಆಗುವುದು ಬೇಡ, ಇನ್ನೊಂದು ದಿನ ಇನ್ನೊಬ್ಬರನ್ನು ಕರೆದು ಮೊದಲಿನಿಂದ ಕೇಳೋಣ ಎಂದರು. ಆ ತಾಯಿ ಬಾಯಿಗೆ ಕೈ ಹಿಡಿದುಕೊಂಡು, "ಸಾರಿ ಅಂಕಲ್, ನಾನು ಸುಮ್ನಿರ್ಬೇಕಿತ್ತು" ಎಂದರು. ಅವರು ಸುಮ್ಮನಿದ್ದಿದ್ದರೆ ಹಣ ನನ್ನದೆಂಬುದಕ್ಕೆ ನನ್ನ ಮಾತೊಂದೇ ಇರುತ್ತಿತ್ತು.

ಎದ್ದು ಹೊರಡುವಾಗ ವಕೀಲೆ ಮಗಳ ಮೂಲಕ ನನಗೊಂದು ಮಾತು ಹೇಳಿದರು. ಮರ್ಯಾದೆಗೆ ಅಂಜುವ ತಂದೆ ಪೂರ್ತಿ ಸಾಲ ತೀರಿಸಲು ನೋಡುತ್ತಾನೆ, ಇಲ್ಲವೇ ಮಗಳನ್ನು ಬೈಯುತ್ತಾನೆ. ಬಾಗಿಲಿಗೆ ಬಂದವನ ಹಿಂದೆ ಓಡಿ ಸಾವಿರ ಯೆನ್ ಕೊಡುವುದಿಲ್ಲ. ಕೊಡಲು ಕಳಿಸಲ್ಪಟ್ಟವನು ಹಾಗೆ ಮಾಡಬಹುದು. ಕಂಪನಿಯವರು ಇದನ್ನೇ ಕೇಳುತ್ತಾರೆ. ನಿಜವಾದ ಕಾರಣ ಇದ್ದರೆ ಮುಂದಿನ ಸಲ ತನ್ನಿ.

ನಿಜವಾದ ಕಾರಣ ಇತ್ತು. ಅದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಮತ್ತೆ ಕರೆಯುವ ತನಕ ನದಿಯ ಏರಿಯ ಮೇಲೆ ಎಷ್ಟು ನಡೆದೆನೆಂದರೆ ಚಪ್ಪಲಿಯ ಹಿಮ್ಮಡಿ ಸವೆಯಿತು. ಹೇಳದಿದ್ದರೆ ಮಗಳ ಮನೆ ಹೋಗುತ್ತದೆ. ಹೇಳಿದರೆ ಅವಳೂ ಕೇಳಿಸಿಕೊಳ್ಳುತ್ತಾಳೆ.

ಎರಡನೆಯ ಸಲ ಅನುವಾದಕ್ಕೆ ಬಂದವನು ಹಿರೋಷಿಮಾದಲ್ಲಿ ವಾಹನಗಳ ಎಂಜಿನ್ ಬಗ್ಗೆ ಸಂಶೋಧನೆ ಮಾಡುವ ಒಬ್ಬ ವಿದ್ಯಾರ್ಥಿ. ಕಂಪ್ಯೂಟರಿನ ಪರದೆಯಲ್ಲಿ ಬಂದ. "ನಮಸ್ಕಾರ ಸರ್, ನಿಧಾನವಾಗಿ ಹೇಳಿ, ಅವಸರ ಇಲ್ಲ" ಎಂದ. ಮಗಳು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಅವಳ ಕಡೆ ನೋಡದೆ ಹೇಳಿದೆ.

ದಾವಣಗೆರೆಯ ಹಳೆ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಹೆಂಗಸು ಖಾನಾವಳಿ ನಡೆಸುತ್ತಿದ್ದಳು. ಗಂಡನಿಲ್ಲದವಳು. ಜೋಳದ ರೊಟ್ಟಿ ಬಡಿಯುತ್ತಿದ್ದಳು, ಗಿರಣಿ ಕೆಲಸಗಾರರು ಊಟಕ್ಕೆ ಬರುತ್ತಿದ್ದರು. ಪಾತ್ರೆ ಪಡಗಕ್ಕೆಂದು ನಮ್ಮಲ್ಲಿ ಸಾಲ ಮಾಡಿದ್ದಳು. ನೋಟು ಕೊನೆಯ ವಾರಕ್ಕೆ ಬಂದಿತ್ತು. ಅವಳು ನನಗೆ ಬಗ್ಗಲಿಲ್ಲ. ಯಾರೋ ಹೇಳಿಕೊಟ್ಟಿರಬೇಕು. "ಹತ್ತಲ್ಲ, ಒಂದು ರೂಪಾಯಿನೂ ಕೊಡಂಗಿಲ್ಲಪ್ಪ, ಕೊಟ್ಟರೆ ನಿಮ್ಮ ನೋಟು ಎದ್ದು ಕುಂದರತೈತಂತೆ" ಎಂದು ನಕ್ಕು ನನಗೆ ರೊಟ್ಟಿ ಬಡಿಸಿದಳು. ನಾನು ಊಟ ಮಾಡಿ ದುಡ್ಡು ಕೊಟ್ಟೆ. ಆಫೀಸಿನಲ್ಲಿ ಊಟದ ಖರ್ಚಿಗೆ ಚೀಟಿ ಕೇಳುತ್ತಾರೆ, ಇಲ್ಲೊಂದು ಹೆಬ್ಬೆಟ್ಟು ಒತ್ತವ್ವ, ಎಂದು ಮಡಿಸಿದ ಕಾಗದವನ್ನು ಮುಂದೆ ಹಿಡಿದೆ. ಅದು ಪ್ರೋನೋಟಿನ ಬೆನ್ನು. ಮೇಲೆ ಹತ್ತು ರೂಪಾಯಿ ಜಮಾ ಎಂದು ಬರೆದುಕೊಂಡೆ. ಹತ್ತು ರೂಪಾಯಿಯನ್ನು ನನ್ನ ಜೇಬಿನಿಂದ ಕಟ್ಟಿದೆ. ಆಮೇಲೆ ಕೋರ್ಟಿನಲ್ಲಿ, ಈ ಹಣವನ್ನು ಇವಳೇ ಕೊಟ್ಟಳು ಎಂದು ಪ್ರಮಾಣ ಮಾಡಿ ಹೇಳಿದೆ. ಅವಳ ಹಂಡೆ, ಕೊಪ್ಪರಿಗೆ, ಒರಳು ಎಲ್ಲವೂ ಗಾಡಿಯ ಮೇಲೆ ಹೋದವು. ಸಾಹುಕಾರರು ನನಗೆ ಒಂದು ಪಂಚೆ ಉಡುಗೊರೆ ಕೊಟ್ಟರು.

"ಹಾಗಾಗಿ," ಎಂದೆ, "ಯಾರೂ ಕಳಿಸದೆ ಇನ್ನೊಬ್ಬರ ಸಾಲಕ್ಕೆ ಕೈಯಿಂದ ಹಾಕೋದು ನನಗೆ ಹೊಸದಲ್ಲ. ನನ್ನ ಕೈಯಿಂದ ಯಾರೂ ತಪ್ಪಿಸಿಕೊಂಡಿರ್ಲಿಲ್ಲ. ಇವಳು ತಪ್ಪಿಸಿಕೊಳ್ತಿದ್ದಳು. ಅದನ್ನು ನೋಡೋಕಾಗ್ಲಿಲ್ಲ. ಇವಳು ನನ್ನನ್ನ ಕಳಿಸ್ಲಿಲ್ಲ."

ಹುಡುಗ ನಡುವೆ ಒಮ್ಮೆ, "ಒಂದ್ನಿಮಿಷ ಸರ್" ಎಂದು ಪರದೆಯಿಂದ ಎದ್ದು ಹೋಗಿ ನೀರು ಕುಡಿದು ಬಂದಿದ್ದ. ಪೂರ್ತಿ ಜಪಾನಿಯಲ್ಲಿ ಹೇಳಿದ. ವಕೀಲೆ ತಲೆ ಎತ್ತದೆ ಬರೆದುಕೊಂಡರು. ಕೊನೆಗೆ, ಇಲ್ಲಿನವರು ರುಜುವಿನ ಬದಲು ಒತ್ತುವ ಮೊಹರು ಇದೆಯೇ ಎಂದರು. ಇಲ್ಲ ಎಂದೆ. ಇಲ್ಲಿಯೂ ಮೊಹರು ಇಲ್ಲದವರು ಹೆಬ್ಬೆಟ್ಟು ಒತ್ತುತ್ತಾರಂತೆ. ಕೆಂಪು ಮಸಿಯ ಡಬ್ಬಿಯನ್ನು ಮುಂದೆ ತಳ್ಳಿದರು. ಮೊದಲ ಗುರುತು ಹರಡಿಹೋಯಿತು, ಇನ್ನೊಮ್ಮೆ ಒತ್ತಿದೆ.

ಹೊರಗೆ ಬಂದ ಮೇಲೆ ಮಗಳು ಒಂದೇ ಕೇಳಿದಳು. "ಆಯಮ್ಮ ಆಮೇಲೆ ಏನಾದ್ರು?"

"ಗೊತ್ತಿಲ್ಲ."

"ವಿಚಾರಿಸ್ಲಿಲ್ವಾ?"

"ಇಲ್ಲ."

"ಅದೇ ಊರಲ್ಲೇ ಇದ್ರಲ್ಲ ಅಪ್ಪ!"

ನಾನು ಬಸ್ ಸ್ಟ್ಯಾಂಡಿನ ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆ. ಅದನ್ನೂ ಹೇಳಿದೆ. ಅವಳು ತಲೆ ಆಡಿಸಿ, ರಸ್ತೆಯ ಆಚೆ ಬದಿಗೆ ದಾಟಿ ನಡೆದಳು.

ವಕೀಲೆ ವ್ಯವಹಾರವನ್ನು ಕೈಗೆತ್ತಿಕೊಂಡ ಮೇಲೆ ಕಂಪನಿಯವರು ಮಗಳನ್ನು ನೇರವಾಗಿ ಮಾತಾಡಿಸುವಂತಿಲ್ಲ, ಮಾತೇನಿದ್ದರೂ ವಕೀಲೆಯ ಜೊತೆಯೇ. ಮನೆ ಶಾಂತವಾಗಿತ್ತು. ನನಗೆ ಆ ಶಾಂತಿ ಹಿಂಸೆಯಾಯಿತು. ಮಗಳು ಊಟ ಬಡಿಸುತ್ತಿದ್ದಳು, ಮಾತ್ರೆ ಕೊಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಭಾನುವಾರದ ತರಗತಿಗೆ ಬರುವ ಮಕ್ಕಳು ಕಡಿಮೆಯಾದರು. ಪಕ್ಕದ ಕಟ್ಟಡದ ತಾಯಿ ಮಾತ್ರ ಮಗನನ್ನು ಕಳಿಸುತ್ತಲೇ ಇದ್ದರು, ಈಗ ತಾವೂ ಬಂದು ಹಿಂದೆ ಕೂರುತ್ತಿದ್ದರು. ಅವರು ಕೂರುವುದು ಸರಿಯೇ.

ಎಲೆ ಉದುರುವ ಕಾಲಕ್ಕೆ ಕಂಪನಿಯ ಉತ್ತರ ಬಂತು. ಅವರು ಆ ದಿನ ಬಂದಿದ್ದವನನ್ನು ವಿಚಾರಿಸಿದ್ದರು. ಅವನು ತನ್ನ ವರದಿಯಲ್ಲಿ ಆ ದಿನವೇ ಬರೆದಿಟ್ಟಿದ್ದನಂತೆ: ಮುದುಕರು ಹಣ ತಂದದ್ದು ತಮ್ಮ ಕೋಣೆಯಿಂದ, ನಾಣ್ಯಕ್ಕೆ ಟೇಪ್ ಅಂಟಿತ್ತು, ಉಡುಗೊರೆಯ ಹಣದಂತೆ ಕಂಡಿತು, ಎರಡು ಸಲ ಕೇಳಿದ ಮೇಲೆ ಮಗಳು ಕಳಿಸಿದ್ದೆಂದರು, ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಸಾವಿರದ ಒಂದು ಯೆನ್ ನನಗೇ ವಾಪಸು ಬರುತ್ತದೆ, ಸಾಲ ಇನ್ನು ಕೇಳುವುದಿಲ್ಲ.

ವಕೀಲೆಯ ಫೋನ್ ಬಂದಾಗ ಶನಿವಾರ ಮಧ್ಯಾಹ್ನ. ಮಗಳು ಒಲೆಯ ಮುಂದೆ ನಿಂತೇ ಕೇಳಿಸಿಕೊಂಡಳು. "ಹಾಯ್, ಹಾಯ್, ಅರಿಗಾತೋ ಗೊಝಾಯಿಮಾಸು" ಎಂದು ಹೂಂಗುಟ್ಟಿ, ಧನ್ಯವಾದ ಹೇಳಿ, ಎದುರಿಗೆ ಯಾರೋ ಇರುವಂತೆ ಗೋಡೆಗೆ ತಲೆ ಬಾಗಿಸಿದಳು. ಒಲೆ ಆರಿಸಿದಳು.

"ಮುಗೀತಂತೆ," ಎಂದಳು.

ನಾನು ಏನಾದರೂ ಹೇಳುವಷ್ಟರಲ್ಲಿ ಅವಳು ಹಾಲ್‌ಗೆ ಬಂದು, ದಿಂಬನ್ನೂ ಹಾಕಿಕೊಳ್ಳದೆ ಚಾಪೆಯ ಮೇಲೆ ಮಲಗಿಬಿಟ್ಟಳು. ಸ್ವಲ್ಪ ಹೊತ್ತು ಮೇಲೆ ನೋಡುತ್ತಿದ್ದಳು. ಆಮೇಲೆ ನಿದ್ದೆ ಬಂತು. ಬಾಯಿ ಸ್ವಲ್ಪ ತೆರೆದಿತ್ತು, ಕೈ ಬಿಚ್ಚಿ ಬಿದ್ದಿತ್ತು. ಮೊಮ್ಮಗಳು ಬಾಗಿಲಲ್ಲಿ ನಿಂತು, "ಅಜ್ಜ, ಅಮ್ಮ ಹಗಲು ಯಾವತ್ತೂ ಸ್ಲೀಪ್ ಮಾಡಲ್ಲ. ಈಸ್ ಶೀ ಓಕೆ?" ಎಂದು ಪಿಸುಗುಟ್ಟಿದಳು. ಓಕೆ, ಎಂದೆ.

ನನ್ನ ಕೆಲಸದಲ್ಲಿ ಕೊಟ್ಟವರ ಮುಖ ನೋಡಿದ್ದೆ, ಕೊಡಲಾಗದವರ ಮುಖ ನೋಡಿದ್ದೆ. ಬಿಡುಗಡೆಯಾದವರ ಮುಖ ಹೇಗಿರುತ್ತದೆಂದು ನೋಡಿರಲಿಲ್ಲ. ಯಾರನ್ನೂ ಬಿಡುಗಡೆಯಾಗಲು ನಾನು ಬಿಟ್ಟಿರಲಿಲ್ಲ. ಅವಳು ಸಂಜೆಯ ತನಕ ಮಲಗಿದಳು. ನಾನು ಎದ್ದೆ, ಕೂತೆ, ನೀರಿನ ನಲ್ಲಿ ತಿರುಗಿಸಲು ಹೋಗಿ ಸದ್ದಾದೀತೆಂದು ಬಿಟ್ಟೆ, ಮತ್ತೆ ಬಂದು ಕೂತೆ.